ತಿರುಪು ಮೊದಲು, ಸೈಟು ಆಮೇಲೆ

ಹೊಡೆದ ಈಡು ಗುರಿಹಲಗೆಯ ನಟ್ಟನಡುವಿನ ಹತ್ತರ ವೃತ್ತದಲ್ಲೇ ಬಿದ್ದರೆ ಯಾರಿಗಾದರೂ ಸಂತೋಷವೇ. ಆದರೆ ನಿನ್ನೆಯವರೆಗೆ ಹತ್ತಕ್ಕೆ ಬೀಳುತ್ತಿದ್ದದ್ದು ಇವತ್ತು ಎಂಟರ ಬಲಕ್ಕೆ, ಮರುದಿನ ಏಳರ ಕೆಳಕ್ಕೆ ಹೋಗತೊಡಗಿದಾಗ, ಯಾಕೆ ಹೋಯಿತೆಂದು ಕೂತು ಹುಡುಕುವುದರಲ್ಲಿ ನನಗೆ ಸಿಗುವ ಸುಖ ಬೇರೆಯದೇ. ಆತುರದವರ ಕೈಗೆ ಅದು ಸಿಗುವುದಿಲ್ಲ. ಒಂದು ಟೇಬಲ್ಲು, ನಾಲ್ಕೈದು ಅಲೆನ್ ಕೀ, ಒಂದು ನೋಟ್‌ಬುಕ್ಕು, ಯಾರೂ ಅವಸರ ಮಾಡದ ಒಂದು ಮುಂಜಾನೆ ಇದ್ದರೆ ಸಾಕು, ನನ್ನ ಮನಸ್ಸು ಅಲ್ಲೇ ನೆಲೆಯಾಗಿಬಿಡುತ್ತದೆ.

ಚಿತ್ರದುರ್ಗ ಜಿಲ್ಲೆಯ ನಮ್ಮ ಬಿ.ದುರ್ಗ ಹೋಬಳಿಯವರಿಗೆ ಬಂದೂಕು ಹೊಸದಲ್ಲ. ಅಡಿಕೆ ತೋಟ, ಮೆಕ್ಕೆಜೋಳದ ಹೊಲ ಇರುವಲ್ಲಿ ಹಂದಿಯ ಕಾಟವೂ ಇರುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಕೆಲವು ಮನೆಗಳಲ್ಲಿ ಅಜ್ಜನ ಕಾಲದಿಂದ ಇದೆ. ಚುನಾವಣೆ ಬಂತೆಂದರೆ ಅವು ಠಾಣೆಗೆ ಹೋಗುತ್ತವೆ, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತವೆ. ಅವುಗಳ ನಳಿಗೆ ಒಳಗೆ ನುಣುಪು. ಅದರಿಂದ ಹೊರಟ ಚರೆ ಹರಡಿಕೊಂಡು ಹೋಗುತ್ತದೆ, ತೋಟ ಕಾಯುವವನಿಗೆ ಸದ್ದೊಂದೇ ಸಾಕಾಗುವುದೂ ಉಂಟು. ಆ ಕೋವಿಯ ಮುಂದೆ ಮಿಲಿಮೀಟರಿನ ಮಾತಿಗೆ ಜಾಗವಿಲ್ಲ.

ರೈಫಲ್ಲಿನ ಲೋಕ ಬೇರೆ. ಅದರ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ, ತಿರುಗುವುದರಿಂದಲೇ ನೇರ ಹೋಗುತ್ತದೆ. ಕ್ರೀಡೆಗೆ ಬಳಸುವ ಪಾಯಿಂಟ್ ಟೂ ಟೂ ರೈಫಲ್ಲಿನ ಗುಂಡಿನ ಅಡ್ಡಳತೆ 5.6 ಮಿಲಿಮೀಟರ್, ತೂಕ ಸುಮಾರು 2.6 ಗ್ರಾಂ. 50 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ನಾವು ಕಣ್ಣಿಟ್ಟ ಜಾಗಕ್ಕೇ ಗುಂಡು ಹೋಗಿ ತಾಕುವಂತೆ ಗುರಿ ನೋಡುವ ಸೈಟನ್ನೂ ನಳಿಗೆಯನ್ನೂ ಹೊಂದಿಸುವುದಕ್ಕೆ ರೇಂಜಿನಲ್ಲಿ ಝೀರೋ ಮಾಡುವುದು ಎನ್ನುತ್ತಾರೆ. ಹಾಗೆ ಒಮ್ಮೆ ಹೊಂದಿಸಿದ್ದು ವಾರ ಕಳೆದರೂ, ಬ್ಯಾಗಿನಲ್ಲಿ ಬಸ್ ಪ್ರಯಾಣ ಮಾಡಿ ಬಂದರೂ ಕದಲದೆ ಉಳಿಯಬೇಕು. ಉಳಿಯದಿದ್ದರೆ ಎಷ್ಟೇ ಒಳ್ಳೆಯ ರೈಫಲ್ಲಾದರೂ ಅದನ್ನು ನಂಬಿ ಸ್ಪರ್ಧೆಗೆ ಇಳಿಯಲಾಗದು.

ಕಾಲೇಜಿನ ಎನ್‌ಸಿಸಿಯಲ್ಲಿ 25 ಗಜದ ದೂರದಿಂದ ಮಲಗಿ ಹೊಡೆದ ದಿನಗಳಲ್ಲಿ ನನಗೆ ಈ ಗೀಳು ಹತ್ತಿತು. ಆಮೇಲೆ ಪೊಲೀಸ್ ಇಲಾಖೆಯವರು ನಾಗರಿಕರಿಗಾಗಿ ನಡೆಸುವ ಬಂದೂಕು ತರಬೇತಿಯಲ್ಲಿ ಅದು ಗಟ್ಟಿಯಾಯಿತು. ಈಗ ಹೋಗುವ ರೇಂಜಿನಲ್ಲಿ ನಮಗೆಲ್ಲ ಹಿರಿಯರಾಗಿರುವವರು ಸೇನೆಯಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಯಾರಾದರೂ ಎರಡು ಈಡು ಆಚೀಚೆ ಹೋದವೆಂದು ಗುರಿ ನೋಡುವ ದುರ್ಬೀನಾದ ಸ್ಕೋಪಿನ ಗುಂಡಿಗೆ ಕೈಹಾಕಿದರೆ ಅವರು ಹಿಂದಿನಿಂದಲೇ ಹೇಳುತ್ತಾರೆ: “ಸೈಟು ತಿರುವೋದು ಒಂದು ನಿಮಿಷದ ಕೆಲ್ಸ ಕಣಪ್ಪ. ಯಾಕೆ ತಿರುವ್ದೆ ಅಂತ ಹೇಳಾಕೆ ಬರಬೇಕು. ತಿರುಪು ಮೊದ್ಲು, ಸೈಟು ಆಮೇಲೆ.” ಈ ಮಾತನ್ನು ನಾನು ಪಾಠವೆಂದೇ ಸ್ವೀಕರಿಸಿದ್ದೇನೆ.

ಅದರ ಬೆಲೆ ಪೂರ್ತಿಯಾಗಿ ತಿಳಿದದ್ದು ಮರದ ಹಿಡಿಯ, ಸ್ಕೋಪು ಕೂರಿಸಿದ ಒಂದು ಬೋಲ್ಟ್ ರೈಫಲ್ಲಿನಿಂದ. ಮುಂಗಾರಿನಲ್ಲಿ ಝೀರೋ ಮಾಡಿ ಇಟ್ಟಿದ್ದು. ಚಳಿಗಾಲ ಹೊಕ್ಕ ಮೇಲೆ ಅದು ನಿಂತಲ್ಲಿ ನಿಲ್ಲಲೊಲ್ಲದಾಯಿತು. ಬೆಳಗಿನ ಮೊದಲ ಈಡುಗಳು ಒಂದು ಕಡೆ, ನಳಿಗೆ ಬಿಸಿಯಾದ ಮೇಲಿನವು ಇನ್ನೊಂದು ಕಡೆ, ಮುಂದಿನ ವಾರ ಎರಡೂ ಸೇರಿ ಮೂರನೆಯ ಕಡೆ. ನಾವು ಅದನ್ನು ಟೇಬಲ್ಲಿನ ಮೇಲೆ ಮಲಗಿಸಿದೆವು. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹೊರಗೆ ತೆಗೆದು, ಗುಂಡು ಕೂರುವ ಕೋಣೆಯನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಖಾಲಿ ಇದೆ ಎಂದು ಇಬ್ಬರು ಬೇರೆಬೇರೆಯಾಗಿ ಹೇಳಿದ ಮೇಲೆ ಮಾತ್ರ ಕೆಲಸ ಶುರು. ಈ ಕ್ರಮಕ್ಕೆ ವಿನಾಯಿತಿ ಇಲ್ಲ, ಇರಕೂಡದು.

ಮೊದಲ ವಿಚಾರಣೆ ರೈಫಲ್ಲಿನದಲ್ಲ, ಕಾಗದದ್ದು. ಮೂರು ಈಡು ಹೊಡೆದು ನಿರ್ಣಯಕ್ಕೆ ಬರುವವರಿದ್ದಾರೆ. ಮೂರು ತೂತುಗಳು ಅಕಸ್ಮಾತ್ತಾಗಿ ಒಂದೆಡೆ ಸೇರಬಹುದು, ಅಕಸ್ಮಾತ್ತಾಗಿ ಚದುರಲೂಬಹುದು. ಒಂದೇ ಬಿಂದುವಿಗೆ ಕಣ್ಣಿಟ್ಟು ಹತ್ತು ಈಡು ಹೊಡೆದರೆ ಕಾಗದ ನಿಜ ಹೇಳತೊಡಗುತ್ತದೆ. ಹತ್ತೂ ತೂತುಗಳು ಒತ್ತಾಗಿ ಕೂತು, ಇಡೀ ಗುಂಪು ಮಾತ್ರ ಪಕ್ಕಕ್ಕೆ ಸರಿದಿದ್ದರೆ ಏನೋ ಒಂದು ಕದಲಿ ಅಲ್ಲೇ ನಿಂತಿದೆ ಎಂದು ಅರ್ಥ. ಗುಂಪೇ ಚದುರಿದ್ದರೆ ಸಡಿಲವಾದದ್ದು ಇನ್ನೂ ಅಲುಗಾಡುತ್ತಿದೆ, ಇಲ್ಲವೇ ಗುಂಡಿನ ಪೆಟ್ಟಿಗೆಯಲ್ಲಿ ದೋಷವಿದೆ, ಇಲ್ಲವೇ ಹೊಡೆಯುವವನಲ್ಲಿ. ಒಂದೇ ಕಾಗದದಲ್ಲಿ ಎರಡು ಬಿಗಿಯಾದ ಗುಂಪುಗಳು ಕಂಡರೆ, ಯಾವುದೋ ಭಾಗ ಎರಡು ಜಾಗಗಳ ನಡುವೆ ಹೋಗಿ ಬಂದು ಮಾಡುತ್ತಿದೆ. ನಮ್ಮ ರೈಫಲ್ಲು ತೋರಿಸಿದ್ದು ಈ ಮೂರನೆಯದನ್ನು. ಆ ಕಾಗದವನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದೆ. ಎರಡು ಚೆಂದದ ಗುಂಪುಗಳು, ನಡುವೆ ಹೆಬ್ಬೆರಳಿನಗಲ ಖಾಲಿ ಜಾಗ. ದೋಷ ಇದೆ, ಆದರೆ ಅದಕ್ಕೊಂದು ನಿಯಮವೂ ಇದೆ ಎಂದು ತಿಳಿದಾಗ ಅರ್ಧ ಭಾರ ಇಳಿಯುತ್ತದೆ.

ಎರಡನೆಯ ವಿಚಾರಣೆ ಮನುಷ್ಯನದು. ಕೆನ್ನೆ ಹಿಡಿಯ ಮೇಲೆ ಪ್ರತಿ ಸಲ ಒಂದೇ ಜಾಗಕ್ಕೆ ಬರಬೇಕು. ಸ್ಕೋಪಿನ ಹಿಂದೆ ಕಣ್ಣು ತುಸು ಪಕ್ಕಕ್ಕೆ ಸರಿದರೆ, ಒಳಗಿನ ಕೂಡುಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಸ್ಕೋಪನ್ನು ಗುರಿಯ ದೂರಕ್ಕೆ ಹೊಂದಿಸಿರದಿದ್ದರೆ ಈ ಮೋಸ ಇನ್ನೂ ಹೆಚ್ಚು. ರೈಫಲ್ಲನ್ನು ಮರಳಿನ ಚೀಲಗಳ ಮೇಲಿಟ್ಟು, ಮುಟ್ಟದೆ, ಕಣ್ಣನ್ನು ಮಾತ್ರ ಆಚೀಚೆ ಆಡಿಸಿ ನೋಡಿದರೆ ಇದು ಬಯಲಾಗುತ್ತದೆ. ಇನ್ನು ನಿಲುವು: ಮೈಯನ್ನು ಬಲವಂತದಿಂದ ಗುರಿಯ ಕಡೆ ತಿರುಗಿಸಿ ಹಿಡಿದಿದ್ದರೆ ಟ್ರಿಗರ್ ಒತ್ತುವ ಕ್ಷಣದಲ್ಲಿ ಸ್ನಾಯು ತನ್ನ ಸಹಜ ಜಾಗಕ್ಕೆ ಮರಳಲು ನೋಡುತ್ತದೆ, ಈಡು ಅತ್ತ ಹೋಗುತ್ತದೆ. ಕಾಲಡಿಯ ನೆಲವೂ ಈ ಲೆಕ್ಕಕ್ಕೆ ಸೇರಿದ್ದೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತಿನಲ್ಲಿ 597 ಅಂಕ ಗಳಿಸಿದ್ದ ಅಭಿನವ್ ಬಿಂದ್ರಾ ಫೈನಲ್ಲಿನಲ್ಲಿ ಏಳನೆಯವರಾಗಿ ಇಳಿದರು. ಅವರು ನಿಂತಿದ್ದ ಜಾಗದ ಹಾಸು ಸಡಿಲವಾಗಿತ್ತು ಎಂಬುದು ತಿಳಿದದ್ದು ಆಮೇಲೆ. ಅವರ ಸ್ಪರ್ಧೆಯಾದ ಹತ್ತು ಮೀಟರಿನ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣದನ್ನು ಬಯಸುವವನಿಗೆ ನೆಲದ ಒಂದು ಅದುರೂ ದೊಡ್ಡದೇ.

ನಾವು ರೈಫಲ್ಲನ್ನು ಮರಳ ಚೀಲದ ಮೇಲಿಟ್ಟು, ಒಬ್ಬರಾದ ಮೇಲೆ ಒಬ್ಬರು ಹೊಡೆದೆವು. ಯಾರು ಹೊಡೆದರೂ ಅವೇ ಎರಡು ಗುಂಪುಗಳು. ಮನುಷ್ಯ ಬಿಡುಗಡೆಯಾದ, ವಿಚಾರಣೆ ತಿರುಪುಗಳತ್ತ ತಿರುಗಿತು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ನನಗೆ ಈ ವಿದ್ಯೆಯ ಸೌಂದರ್ಯವೆಲ್ಲ ಇದರಲ್ಲೇ ಕಾಣುತ್ತದೆ. ಸ್ಕೋಪು ಎರಡು ರಿಂಗುಗಳ ಮೇಲೆ ಕೂತಿರುತ್ತದೆ. ರಿಂಗುಗಳ ನಡುವೆ ಹತ್ತು ಸೆಂಟಿಮೀಟರ್ ಅಂತರವೆಂದು ಇಟ್ಟುಕೊಳ್ಳಿ. ಹಿಂದಿನ ರಿಂಗು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಅಂದರೆ ನಾವು ಬರೆಯುವ ಒಂದು ಬಿಳಿ ಹಾಳೆಯ ದಪ್ಪದಷ್ಟು ಎತ್ತರವಾದರೆ, 50 ಮೀಟರಿನಲ್ಲಿ ಈಡು ಐದು ಸೆಂಟಿಮೀಟರ್ ಆಚೆ ಬೀಳುತ್ತದೆ. ಹತ್ತರ ವೃತ್ತ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎಂಬುದನ್ನು ನೆನೆದರೆ ಹಾಳೆಯ ದಪ್ಪಕ್ಕೆ ಎಷ್ಟು ಶಕ್ತಿ ಎಂದು ಗೊತ್ತಾಗುತ್ತದೆ. ಆದ್ದರಿಂದಲೇ ತಿರುಪು ಬಿಗಿಯುವುದೂ ಅಂದಾಜಿನ ಕೆಲಸವಲ್ಲ. ಸಡಿಲವಿದ್ದರೆ ಸ್ಕೋಪು ಜಾರುತ್ತದೆ, ಅತಿಯಾದರೆ ಅದರ ಕೊಳವೆ ನಗ್ಗಿ ಒಳಗಿನ ಗಾಜುಗಳು ಸಿಕ್ಕಿಕೊಳ್ಳುತ್ತವೆ. ತಯಾರಕರು ಹೇಳಿದ ಅಳತೆಗೆ ಟಾರ್ಕ್ ಕೀಯಿಂದ ಬಿಗಿದು, ತಿರುಪಿನ ತಲೆಯಿಂದ ರಿಂಗಿನವರೆಗೆ ಬಣ್ಣದ ಸಣ್ಣ ಗೆರೆ ಎಳೆದಿಟ್ಟರೆ, ಮುಂದೆ ಅದು ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ನಮ್ಮ ರಿಂಗುಗಳು ಬಿಗಿಯಾಗಿದ್ದವು, ಗೆರೆಗಳು ತುಂಡಾಗಿರಲಿಲ್ಲ.

ಹಾಗಾದರೆ ಸ್ಕೋಪಿನ ಒಳಗೇ ಏನಾದರೂ? ಅದಕ್ಕೆ ಚೌಕದ ಪರೀಕ್ಷೆ. ಒಂದು ಗುಂಪು ಹೊಡೆದು, ಗುಂಡಿಯನ್ನು ಇಪ್ಪತ್ತು ಕ್ಲಿಕ್ ಬಲಕ್ಕೆ, ಇಪ್ಪತ್ತು ಮೇಲಕ್ಕೆ, ಇಪ್ಪತ್ತು ಎಡಕ್ಕೆ, ಇಪ್ಪತ್ತು ಕೆಳಕ್ಕೆ ತಿರುಗಿಸುತ್ತಾ ಪ್ರತಿ ಮೂಲೆಯಲ್ಲೂ ಹೊಡೆಯಬೇಕು. ಪ್ರತಿ ಸಲವೂ ಕಣ್ಣಿಡುವುದು ಅದೇ ನಡುಬಿಂದುವಿಗೆ. ಕಾಗದದ ಮೇಲೆ ಅಚ್ಚುಕಟ್ಟಾದ ಚೌಕ ಮೂಡಿ ಕೊನೆಯ ಗುಂಪು ಮೊದಲನೆಯದರ ಮೇಲೆಯೇ ಬಂದು ಕೂತರೆ ಸ್ಕೋಪು ಪ್ರಾಮಾಣಿಕ. ಕೋನದ ಅಳತೆಯಲ್ಲಿ ಕಾಲು ಮಿನಿಟಿನ ಒಂದು ಕ್ಲಿಕ್ಕೆಂದರೆ 50 ಮೀಟರಿನಲ್ಲಿ ಸುಮಾರು 3.6 ಮಿಲಿಮೀಟರ್. ಇಪ್ಪತ್ತಕ್ಕೆ ಏಳು ಸೆಂಟಿಮೀಟರಿಗೆ ತುಸು ಹೆಚ್ಚು. ಸ್ಕೇಲ್ ಇಟ್ಟು ಅಳೆದೆವು, ಚೌಕ ಸರಿಯಾಗಿತ್ತು. ಆದರೆ ಪ್ರತಿ ಮೂಲೆಯಲ್ಲೂ ಅದೇ ಜೋಡಿ ಗುಂಪು! ಕಾಯಿಲೆ ಸ್ಕೋಪಿನದಲ್ಲ ಎಂದು ಅದು ನಾಲ್ಕು ಸಲ ಹೇಳಿದಂತಾಯಿತು.

ಮದ್ದುಗುಂಡಿನ ಸರದಿ ಬಂದಾಗ ನನಗೆ ಚಿತ್ರದುರ್ಗದ ಕೋಟೆ ನೆನಪಾಗುತ್ತದೆ. ಕೋಟೆ ಹತ್ತುವವರೆಲ್ಲ ಮದ್ದು ಬೀಸುವ ಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಗುಂಡಿಯೊಳಗೆ ನಿಲ್ಲಿಸಿದ ಆ ದೊಡ್ಡ ಕಲ್ಲುಗಾಲಿಗಳ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ. 1779ರಲ್ಲಿ ಹೈದರನ ಕೈಗೆ ಕೋಟೆ ಹೋಗುವ ತನಕ ಮದಕರಿ ನಾಯಕನ ಬತೇರಿಗಳಿಗೆ ಬೇಕಾದ ಮದ್ದು ಹೀಗೆ ಕಲ್ಲಿನಡಿ ಅರೆದು ಬರಬೇಕಿತ್ತು. ಮದ್ದಿನ ಹುಡಿ ಒಂದೇ ಹದಕ್ಕೆ ಬರದಿದ್ದರೆ ಒಂದು ಗುಂಡು ದೂರ, ಇನ್ನೊಂದು ಹತ್ತಿರ. ಆ ಸಮಸ್ಯೆ ಇಂದಿಗೂ ತೀರಿಲ್ಲ, ಸಣ್ಣದಾಗಿದೆ ಅಷ್ಟೆ. ಗುರಿ ರೈಫಲ್ಲಿನ ಗುಂಡು ಸೆಕೆಂಡಿಗೆ 320 ಮೀಟರಿನ ಆಸುಪಾಸಿನಲ್ಲಿ, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತದೆ. ಆ ವೇಗ ಹತ್ತು ಮೀಟರಿನಷ್ಟು ಕಡಿಮೆಯಾದರೂ ಸಾಕು, 50 ಮೀಟರಿನಲ್ಲಿ ಗುಂಡು ಏಳೆಂಟು ಮಿಲಿಮೀಟರ್ ಕೆಳಗೆ ತಾಕುತ್ತದೆ. ಹೀಗಾಗಿ ಪೆಟ್ಟಿಗೆಯ ಮೇಲಿನ ಲಾಟ್ ನಂಬರನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ಬೇರೆ ತಯಾರಿಯ ಗುಂಡಿಗೆ ಬದಲಾಯಿಸಿದರೆ ಹಳೆಯ ಗುಂಡಿಗೆ ಸವರಿದ್ದ ಮೇಣ ಹೋಗಿ ಹೊಸದರ ಮೇಣ ನಳಿಗೆಗೆ ಹತ್ತುವ ತನಕ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ನಳಿಗೆ ಒರೆಸಿದ ಮೇಲಿನ ಮೊದಲ ಈಡುಗಳಿಗೂ ಇದೇ ಮಾತು. ನಳಿಗೆಯ ತುದಿಯ ಅಂಚು ಒರೆಸುವ ಕಡ್ಡಿ ತಾಗಿ ಎಲ್ಲಾದರೂ ಮುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು, ಯಾಕೆಂದರೆ ಗುಂಡನ್ನು ಕೊನೆಯದಾಗಿ ಮುಟ್ಟುವುದು ಆ ಅಂಚು. ನಮ್ಮ ರೈಫಲ್ಲಿನಲ್ಲಿ ಅಂಚು ನುಣ್ಣಗಿತ್ತು, ಬೇರೆ ಲಾಟಿನ ಗುಂಡೂ ಅದೇ ಕಥೆ ಹೇಳಿತು.

ಗಾಳಿಯನ್ನೂ ನಾವು ಬಿಡಲಿಲ್ಲ. ಚಿತ್ರದುರ್ಗದವರಿಗೆ ಗಾಳಿಯ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತಿರುವುದು ಹೆದ್ದಾರಿಯಿಂದಲೇ ಕಾಣುತ್ತದೆ. ಆಷಾಢದಲ್ಲಿ ಆ ಗಾಳಿ ಗುರಿಹಲಗೆಯನ್ನೇ ಪಟಪಟ ಬಡಿಯುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದ ಅಡ್ಡಗಾಳಿ ಈ ಸಣ್ಣ ಗುಂಡನ್ನು 50 ಮೀಟರಿನಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳಬಲ್ಲದು. ಗಾಳಿಯಲ್ಲಿ ಝೀರೋ ಮಾಡಿದವನು ಆ ಗಾಳಿಯನ್ನೇ ಸೈಟಿನೊಳಗೆ ಸೇರಿಸಿಬಿಟ್ಟಿರುತ್ತಾನೆ, ಗಾಳಿ ನಿಂತ ದಿನ ರೈಫಲ್ಲು ಕೆಟ್ಟಿತೆಂದು ಅವನಿಗೆ ತೋರುತ್ತದೆ. ಅದಕ್ಕೇ ಎಲೆಯೂ ಅಲ್ಲಾಡದ ಮುಂಜಾನೆಯಲ್ಲೇ ಈ ಪರೀಕ್ಷೆಗಳನ್ನೆಲ್ಲ ಮಾಡುವುದು.

ಉಳಿದದ್ದು ಮರ. ಹವಾಲ್ದಾರರು ಜೇಬಿನಿಂದ ಹತ್ತು ರೂಪಾಯಿ ನೋಟೊಂದನ್ನು ತೆಗೆದು, ಮಡಚಿ, ನಳಿಗೆಯ ತುದಿಯಲ್ಲಿ ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಬಂದರು. ಈ ಬಗೆಯ ರೈಫಲ್ಲಿನಲ್ಲಿ ನಳಿಗೆ ಮರವನ್ನು ಎಲ್ಲೂ ಮುಟ್ಟಬಾರದು. ಗುಂಡು ಹೋಗುವಾಗ ಅದು ಕಂಪಿಸುತ್ತದೆ, ಆ ಕಂಪನ ಪ್ರತಿ ಸಲ ಒಂದೇ ಬಗೆಯಲ್ಲಿರಬೇಕಾದರೆ ಅದನ್ನು ಯಾವುದೂ ತಡೆಯಕೂಡದು. ನೋಟು ಸರಾಗವಾಗಿ ಬರುತ್ತಿದ್ದದ್ದು ಎಡಬದಿಯ ಒಂದು ಜಾಗದಲ್ಲಿ ಸಿಕ್ಕಿಕೊಂಡಿತು. “ಬಂತು ನೋಡು, ಇಲ್ಲೈತೆ,” ಅಂದರು. ಬಳಿಕ ಮರವನ್ನೂ ರೈಫಲ್ಲಿನ ಲೋಹದ ದೇಹವನ್ನೂ ಬೆಸೆಯುವ ಮುಂದಿನ ತಿರುಪಿಗೆ ಕೀ ಹಾಕಿದರೆ ಅದು ಬಿಗಿಯೇ ಇಲ್ಲದೆ ತಿರುಗಿತು.

ಎಲ್ಲವೂ ಆಗ ಒಂದಕ್ಕೊಂದು ಕೂಡಿಬಂದವು. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ, ಮುಂಗಾರಿನ ತೇವಕ್ಕೆ ಉಬ್ಬಿದ್ದ ಮರ ತಿರುಪನ್ನು ಬಿಗಿಯಾಗಿ ಹಿಡಿದಿತ್ತು. ನಮ್ಮ ಒಣಸೀಮೆಯ ಚಳಿಗಾಲದಲ್ಲಿ ಅದು ಕುಗ್ಗಿತು, ತಿರುಪು ಇದ್ದಲ್ಲೇ ಇದ್ದರೂ ಹಿಡಿತ ಹೋಯಿತು. ರೈಫಲ್ಲಿನ ದೇಹ ಮರದೊಳಗೆ ಅಲುಗಾಡಿ, ಒಮ್ಮೆ ನಳಿಗೆ ಎಡಕ್ಕೆ ತಾಗಿ ಕೂರುತ್ತಿತ್ತು, ಇನ್ನೊಮ್ಮೆ ತಾಗದೆ. ತಾಗಿದಾಗ ಒಂದು ಗುಂಪು, ತಾಗದಿದ್ದಾಗ ಇನ್ನೊಂದು. ಬಿಸಿಯಾದ ನಳಿಗೆ ಆ ಜಾಗಕ್ಕೆ ಇನ್ನಷ್ಟು ಒತ್ತುತ್ತಿತ್ತು. ಒಬ್ಬ ಬಡಗಿ ಕೆಲಸ ಬಲ್ಲ ಗೆಳೆಯ ಉಪ್ಪುಕಾಗದದಿಂದ ಆ ಜಾಗವನ್ನು ಉಜ್ಜಿ, ಒಳಮೈಗೆಲ್ಲ ತೇವ ಹಿಡಿಯದಂತೆ ವಾರ್ನಿಷ್ ಹಚ್ಚಿ ಒಣಗಿಸಿದ. ಎರಡೂ ತಿರುಪುಗಳನ್ನು ಅಳತೆಗೆ ಬಿಗಿದೆವು. ನೋಟು ಈಗ ತುದಿಯಿಂದ ಬುಡದವರೆಗೆ ತಡೆಯಿಲ್ಲದೆ ಬಂತು. ಹತ್ತು ಈಡು ಹೊಡೆದೆವು, ಗುಂಪು ಒಂದೇ. ರೈಫಲ್ಲನ್ನು ಚೀಲಕ್ಕೆ ಹಾಕಿ ತೆಗೆದು ಮತ್ತೆ ಹೊಡೆದೆವು, ಗುಂಪು ಅಲ್ಲೇ. ಆಗ, ಎಲ್ಲಕ್ಕಿಂತ ಕೊನೆಯಲ್ಲಿ, ಸ್ಕೋಪಿನ ಗುಂಡಿಯನ್ನು ಕೆಲವು ಕ್ಲಿಕ್ ತಿರುಗಿಸಿ ಆ ಗುಂಪನ್ನು ಹತ್ತರ ಮೇಲೆ ತಂದು ಕೂರಿಸಿದೆವು.

ಹವಾಲ್ದಾರರ ನಿಯಮಕ್ಕೆ ಒಂದು ಹೊರತು ಇದೆ, ಅದು ಸಮಯವೇ ಇಲ್ಲದ ಹೊತ್ತು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಫೈನಲ್ಲಿಗೆ ಮುಂಚೆ ಬಿಂದ್ರಾ ಹೊಡೆದ ಪರೀಕ್ಷಾ ಈಡು ನಾಲ್ಕರ ಆಸುಪಾಸಿಗೆ ಹೋಗಿ ಬಿತ್ತು. ಅರ್ಹತಾ ಸುತ್ತಿನಲ್ಲಿ 596 ಕೊಟ್ಟಿದ್ದ ಅದೇ ರೈಫಲ್ಲು! ಕಾರಣ ಹುಡುಕುತ್ತ ಕೂರಲು ಅವರ ಬಳಿ ನಿಮಿಷಗಳಷ್ಟೇ ಇದ್ದವು. ಅವರು ಸೈಟು ತಿರುಗಿಸಿ, ಪರೀಕ್ಷಾ ಈಡುಗಳಲ್ಲೇ ಅದನ್ನು ಸರಿಗೆ ತಂದು, ಕೊನೆಯ ಈಡನ್ನು 10.8ಕ್ಕೆ ಹೊಡೆದು 700.5 ಅಂಕದೊಂದಿಗೆ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಆ ಕ್ಷಣದಲ್ಲಿ ಸೈಟಿಗೆ ಕೈಹಾಕುವ ಧೈರ್ಯ ಅವರಿಗೆ ಬಂದದ್ದು ವರ್ಷಗಟ್ಟಲೆ ರೈಫಲ್ಲಿನ ಪ್ರತಿ ತಿರುಪನ್ನೂ ಬಲ್ಲವರಾಗಿದ್ದರಿಂದ ಎಂದೇ ನಾನು ನಂಬುತ್ತೇನೆ. ಎಲ್ಲವನ್ನೂ ಬಲ್ಲವನು ಮಾತ್ರ ಒಂದನ್ನೇ ತಿರುಗಿಸಿ ಉಳಿದದ್ದನ್ನು ನಂಬಬಲ್ಲ.

ಹೊರಟ ಮೇಲೂ ದಾರಿ ತಿದ್ದಿಕೊಳ್ಳಬಲ್ಲವು ಇವೆ. ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆಯ ಹತ್ತಿರದ ಡಿಆರ್‌ಡಿಒ ಪರೀಕ್ಷಾ ನೆಲೆಯಲ್ಲಿ, 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್ ಇಳಿಯಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಅದನ್ನು ಬಿಟ್ಟಾಗ, ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬೇಕೆಂದೇ ಸರಿಸಿದ್ದರು. ಅದು ತನ್ನ ತಪ್ಪನ್ನು ತಾನೇ ಅಳೆದು, ತಿದ್ದಿಕೊಂಡು, ಓಡುದಾರಿಯ ನಡುಗೆರೆಗೆ ಬಂದು ಇಳಿಯಿತು. ರೈಫಲ್ಲಿನ ಗುಂಡಿಗೆ ಆ ಭಾಗ್ಯವಿಲ್ಲ. ನಳಿಗೆ ಬಿಟ್ಟ ಮೇಲೆ ಗುರಿ ಮುಟ್ಟಲು ಅದಕ್ಕೆ ಸಿಗುವುದು ಸೆಕೆಂಡಿನ ಆರನೆಯ ಒಂದು ಭಾಗ, ಅಷ್ಟರಲ್ಲಿ ಯಾವ ತಿದ್ದುಪಡಿಯೂ ಸಾಧ್ಯವಿಲ್ಲ. ತಿದ್ದುವುದೆಲ್ಲ ಹೊರಡುವ ಮೊದಲೇ ಮುಗಿದಿರಬೇಕು, ಅದು ಟೇಬಲ್ಲಿನ ಮೇಲೆ ತಾಳ್ಮೆಯಿಂದ ಆಗುವ ಕೆಲಸ.

ಎನ್‌ಸಿಸಿ ಸೇರಿ, ನಾಗರಿಕ ತರಬೇತಿಗೆ ಹೋಗಿ ಈ ಕಲೆಗೆ ಬರುತ್ತಿರುವ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹುಡುಗ ಹುಡುಗಿಯರಿಗೆ ನನ್ನದೊಂದು ಬಿನ್ನಹ. ನಿಮ್ಮ ರೈಫಲ್ಲು ಗುರಿ ತಪ್ಪಿದ ದಿನ ಅದನ್ನು ಕೆಟ್ಟದ್ದೆಂದು ದೂರವಿಡಬೇಡಿ, ನಿಮ್ಮ ಕೈ ಸರಿಯಿಲ್ಲವೆಂದು ಅಳಲೂಬೇಡಿ. ಹತ್ತು ಈಡಿನ ಕಾಗದವನ್ನು ಕೇಳಿ. ಮನುಷ್ಯ, ತಿರುಪು, ಸ್ಕೋಪು, ಗುಂಡು, ಗಾಳಿ, ಮರ ಎಂದು ಒಂದೊಂದಾಗಿ ವಿಚಾರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ತಾರೀಖಿನ ಸಮೇತ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಾಯಿಸಿ ರೈಫಲ್ಲು ಸರಿಹೋದರೆ, ಯಾವುದರಿಂದ ಸರಿಹೋಯಿತೆಂಬುದು ನಿಮಗೆ ಎಂದಿಗೂ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುತ್ತದೆ.